ನಳಿಕೆಯಲ್ಲಿ ಆಹಾರ ಹೋಗುತ್ತಿರುವಾಗ ರೋಗಿಯನ್ನು ಕೂರಿಸುವ ಬಗೆ

ನಳಿಕೆಯಲ್ಲಿ ಆಹಾರ ಹೋಗುತ್ತಿರುವ ರೋಗಿಯನ್ನು ಅಂಗಾತ ಮಲಗಿಸಬಾರದು, ತಲೆಯ ಕಡೆ ಎತ್ತರಿಸಿ ಇಡಬೇಕು ಎಂಬುದು ನರ್ಸಿಂಗ್ ಸಹಾಯಕರ ತರಬೇತಿಯಲ್ಲಿ ಮೊದಮೊದಲೇ ಕಿವಿಗೆ ಬೀಳುವ ಪಾಠ. ಎಷ್ಟು ಎತ್ತರ ಎಂದು ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ‘30ರಿಂದ 45 ಡಿಗ್ರಿ’ ಎಂದು ಸರಿಯಾಗಿಯೇ ಬರೆಯುತ್ತಾರೆ. ಆದರೆ ಮಧ್ಯಾಹ್ನದ ಹೊತ್ತು ವಾರ್ಡಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಬೆಳಿಗ್ಗೆ ಚೆನ್ನಾಗಿ ಕೂರಿಸಿದ್ದ ರೋಗಿ ಕಾಲಿನ ಕಡೆಗೆ ಜಾರಿ, ಗದ್ದ ಎದೆಗೆ ತಾಗಿ, ಬೆನ್ನು ನಡುವಿನಲ್ಲಿ ಬಾಗಿ ಮುದುಡಿಕೊಂಡಿರುತ್ತಾರೆ. ಮಂಚದ ಪಕ್ಕದ ಸೂಚಕ ಮಾತ್ರ ಇನ್ನೂ 40 ಡಿಗ್ರಿಯನ್ನೇ ತೋರಿಸುತ್ತಿರುತ್ತದೆ.

ಅಲ್ಲೇ ಇರುವುದು ಈ ಕೆಲಸದ ಕಷ್ಟ. ಕೋನವನ್ನು ಒಮ್ಮೆ ಹೊಂದಿಸುವುದು ಸುಲಭ, ಅದನ್ನು ಗಂಟೆಗಟ್ಟಲೆ ಉಳಿಸಿಕೊಳ್ಳುವುದು ಕಷ್ಟ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಹೋಗುತ್ತಾರೆ, ನರ್ಸ್ ಹತ್ತಾರು ರೋಗಿಗಳ ಔಷಧಿಯ ನಡುವೆ ಓಡಾಡುತ್ತಿರುತ್ತಾರೆ. ರೋಗಿ ಜಾರಿದ್ದನ್ನು ಮೊದಲು ನೋಡುವವರು, ಸರಿಪಡಿಸಬಲ್ಲವರು ಸಹಾಯಕರೇ. ಹಾಗಾಗಿ ಏನು ಮಾಡಬೇಕು ಎನ್ನುವುದರ ಜೊತೆಗೆ ಏಕೆ ಎನ್ನುವುದೂ ಅವರಿಗೆ ಸ್ಪಷ್ಟವಾಗಿರಬೇಕು ಎಂದು ನನ್ನ ದೃಢ ನಂಬಿಕೆ. ಕಾರಣ ಗೊತ್ತಿದ್ದವರು ಯಾರೂ ನೋಡದಿದ್ದಾಗಲೂ ದಿಂಬು ಸರಿಮಾಡುತ್ತಾರೆ.

ಇಲ್ಲಿ ಹೇಳುವುದು ವಯಸ್ಕ ರೋಗಿಗಳ ಬಗ್ಗೆ. ಹಸುಗೂಸುಗಳ ವಿಷಯ ಬೇರೆ, ಅದನ್ನು ಇದರೊಂದಿಗೆ ಬೆರೆಸಬಾರದು.

ಹೊಟ್ಟೆಯಲ್ಲಿದ್ದದ್ದು ಎದೆಗೆ ಇಳಿಯುವುದು ಹೇಗೆ

ಅನ್ನನಾಳ ಹೊಟ್ಟೆಯನ್ನು ಸೇರುವ ಕಡೆ ಸ್ನಾಯುವಿನ ಒಂದು ಬಿಗಿ ಉಂಗುರವಿದೆ. ನುಂಗಿದ ತುತ್ತು ಬಂದಾಗ ತೆರೆದುಕೊಂಡು, ಉಳಿದ ಹೊತ್ತು ಮುಚ್ಚಿಕೊಂಡಿರುವುದು ಅದರ ಕೆಲಸ. ಮೂಗಿನಿಂದ ಇಳಿಸಿದ ನಳಿಕೆ, ಅಂದರೆ ವಾರ್ಡಿನ ಮಾತಿನಲ್ಲಿ ರೈಲ್ಸ್ ಟ್ಯೂಬ್, ಈ ಉಂಗುರದ ನಡುವೆಯೇ ಹಾದು ಹೋಗುತ್ತದೆ. ಬಾಗಿಲ ಸಂದಿಯಲ್ಲಿ ಹಗ್ಗ ಸಿಕ್ಕಿಕೊಂಡರೆ ಬಾಗಿಲು ಪೂರ್ತಿ ಹಾಕಿಕೊಳ್ಳುವುದಿಲ್ಲ. ಇಲ್ಲಿಯೂ ಆಗುವುದು ಅದೇ. ಹೊಟ್ಟೆ ತುಂಬಿದಾಗ ಒಳಗಿನ ದ್ರವ ಆ ಸಂದಿಯಿಂದ ಮೇಲಕ್ಕೆ ಜಿನುಗಲು ದಾರಿಯಾಗುತ್ತದೆ.

ರೋಗಿ ಎದ್ದು ಕುಳಿತಿದ್ದರೆ ಗಂಟಲು ಹೊಟ್ಟೆಗಿಂತ ಬಹಳ ಮೇಲಿರುತ್ತದೆ. ಮೇಲೇರಲು ಹೊರಟ ದ್ರವವನ್ನು ಅದರ ತೂಕವೇ ಕೆಳಕ್ಕೆ ಎಳೆಯುತ್ತದೆ. ಅಂಗಾತ ಮಲಗಿಸಿದರೆ ಹೊಟ್ಟೆ, ಅನ್ನನಾಳ, ಗಂಟಲು ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ, ಆಗ ಗುರುತ್ವದ ಆಸರೆ ಇಲ್ಲ. ಗಂಟಲಿಗೆ ಬಂದ ದ್ರವದ ಮುಂದೆ ಎರಡು ದಾರಿ: ಮತ್ತೆ ಅನ್ನನಾಳಕ್ಕೆ, ಇಲ್ಲವೇ ಅದರ ಮುಂದೆಯೇ ಇರುವ ಶ್ವಾಸನಾಳಕ್ಕೆ. ಎರಡನೆಯ ದಾರಿ ಹಿಡಿದರೆ ಅದನ್ನೇ ಆಸ್ಪಿರೇಷನ್ ಎನ್ನುತ್ತಾರೆ.

ಆರೋಗ್ಯವಂತರಿಗೆ ಒಂದು ಗುಟುಕು ನೀರು ನೆತ್ತಿಗೆ ಹತ್ತಿದರೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ಆ ಕೆಮ್ಮೇ ಶ್ವಾಸಕೋಶದ ಕಾವಲು. ನಳಿಕೆಯಲ್ಲಿ ಆಹಾರ ಪಡೆಯುವವರಲ್ಲಿ ಬಹಳಷ್ಟು ಜನಕ್ಕೆ ಈ ಕಾವಲು ದುರ್ಬಲವಾಗಿರುತ್ತದೆ: ಪಾರ್ಶ್ವವಾಯು ಹೊಡೆದವರು, ಪ್ರಜ್ಞೆ ಮಸುಕಾದವರು, ನಿದ್ರೆ ಬರಿಸುವ ಔಷಧಿಯಲ್ಲಿರುವವರು, ಮರೆವಿನ ಕಾಯಿಲೆ ಬಲಿತವರು. ನುಂಗಲಾಗದು ಎಂಬ ಕಾರಣಕ್ಕೇ ಎಷ್ಟೋ ಮಂದಿಗೆ ನಳಿಕೆ ಹಾಕಿರುತ್ತಾರಲ್ಲ. ಇಂಥವರಲ್ಲಿ ದ್ರವ ಶ್ವಾಸಕೋಶಕ್ಕೆ ಇಳಿದರೂ ಒಂದು ಕೆಮ್ಮು ಕೂಡ ಬಾರದೆ ಇರಬಹುದು. ‘ಕೆಮ್ಮಲಿಲ್ಲ, ಹಾಗಾಗಿ ಏನೂ ಆಗಿಲ್ಲ’ ಎಂದು ಅಂದುಕೊಳ್ಳುವುದು ಅದಕ್ಕೇ ಅಪಾಯ.

ಇಳಿದ ದ್ರವ ಎರಡು ಬಗೆಯಲ್ಲಿ ಕೆಡುಕು ಮಾಡುತ್ತದೆ. ಹೊಟ್ಟೆಯ ಆಮ್ಲ ಶ್ವಾಸಕೋಶದ ಒಳಪದರವನ್ನು ನೇರವಾಗಿ ಸುಡುತ್ತದೆ. ಅಮೆರಿಕದ ಪ್ರಸೂತಿ ತಜ್ಞ ಕರ್ಟಿಸ್ ಮೆಂಡೆಲ್ಸನ್ 1946ರಲ್ಲೇ ಹೆರಿಗೆಯ ವೇಳೆ ಅರಿವಳಿಕೆ ಪಡೆದ ಮಹಿಳೆಯರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರು. ಎರಡನೆಯದು ಸೋಂಕು. ಬಾಯಿ, ಗಂಟಲಿನ ಬ್ಯಾಕ್ಟೀರಿಯಾ ಆ ದ್ರವದ ಜೊತೆಗೆ ಇಳಿದು ನ್ಯುಮೋನಿಯಾ ತರುತ್ತವೆ.

ಪೆಗ್ ಟ್ಯೂಬ್, ಅಂದರೆ ಹೊಟ್ಟೆಯ ಗೋಡೆಯ ಮೂಲಕ ನೇರವಾಗಿ ಜಠರಕ್ಕೆ ಹಾಕಿದ ನಳಿಕೆ ಇದ್ದರೆ ಮಲಗಿಸಬಹುದಲ್ಲ ಎಂಬ ತಪ್ಪು ಕಲ್ಪನೆ ಬಹಳ ಕಡೆ ಇದೆ. ಮಲಗಿಸುವಂತಿಲ್ಲ. ಮೂಗಿನಲ್ಲಿ ನಳಿಕೆ ಇಲ್ಲ ಎಂದ ಮಾತ್ರಕ್ಕೆ ತುಂಬಿದ ಹೊಟ್ಟೆ ಮೇಲಕ್ಕೆ ಉಕ್ಕುವುದು ನಿಲ್ಲುವುದಿಲ್ಲ. ನಳಿಕೆಯ ತುದಿ ಸಣ್ಣ ಕರುಳಿನಲ್ಲಿದ್ದರೂ ಅದೇ ಮಾತು. ನಮ್ಮ ಬಾಯಲ್ಲಿ ದಿನಕ್ಕೆ ಸುಮಾರು 1 ಲೀಟರ್ ಜೊಲ್ಲು, ಹೊಟ್ಟೆಯಲ್ಲಿ ಒಂದೂವರೆ ಎರಡು ಲೀಟರ್ ಜಠರರಸ ಊರುತ್ತಲೇ ಇರುತ್ತವೆ. ಅವು ಗಂಟಲಿಗೆ ಬರುವುದಕ್ಕೆ ಆಹಾರವೇ ಬೇಕೆಂದಿಲ್ಲ.

ಭಂಗಿಯಿಂದ ನಿಜಕ್ಕೂ ಎಷ್ಟು ವ್ಯತ್ಯಾಸ? ಬಾರ್ಸಿಲೋನಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಹುಡುಕಿತು. ವೆಂಟಿಲೇಟರಿನಲ್ಲಿದ್ದ 86 ರೋಗಿಗಳಲ್ಲಿ ಕೆಲವರನ್ನು 45 ಡಿಗ್ರಿಯಲ್ಲಿ, ಉಳಿದವರನ್ನು ಅಂಗಾತ ಇಟ್ಟು ನೋಡಿದರು. ನ್ಯುಮೋನಿಯಾದ ಲಕ್ಷಣ ಕಂಡದ್ದು ಎತ್ತರಿಸಿದ ಗುಂಪಿನಲ್ಲಿ ಶೇ. 8 ಮಂದಿಯಲ್ಲಿ, ಮಲಗಿದ ಗುಂಪಿನಲ್ಲಿ ಶೇ. 34 ಮಂದಿಯಲ್ಲಿ. ಅಂಗಾತ ಮಲಗಿ, ಜೊತೆಗೆ ನಳಿಕೆಯಲ್ಲಿ ಆಹಾರವನ್ನೂ ಪಡೆಯುತ್ತಿದ್ದ 28 ಜನರಲ್ಲಿ 14 ಜನಕ್ಕೆ ಅದು ಬಂದಿತ್ತು.

ಅಷ್ಟೇ ಮುಖ್ಯವಾದ ಇನ್ನೊಂದು ಅಧ್ಯಯನ 2006ರಲ್ಲಿ ನೆದರ್ಲೆಂಡ್ಸ್‌ನಿಂದ ಬಂತು. ಅಲ್ಲಿ ಒಂದು ಗುಂಪಿಗೆ 45 ಡಿಗ್ರಿಯ ಗುರಿ ಇಟ್ಟು, ಇನ್ನೊಂದು ಗುಂಪನ್ನು ಎಂದಿನಂತೆ ತಗ್ಗಾಗಿಯೇ ಇರಿಸಿ, ಕೋನವನ್ನು ಯಂತ್ರದಿಂದ ನಿರಂತರವಾಗಿ ಅಳೆದರು. 45ರ ಗುರಿಯ ಗುಂಪಿನಲ್ಲಿ ಮೊದಲ ದಿನ ಸಿಕ್ಕ ಸರಾಸರಿ 28 ಡಿಗ್ರಿ, ಏಳನೆಯ ದಿನಕ್ಕೆ ಅದು 23ರ ಆಸುಪಾಸಿಗೆ ಇಳಿದಿತ್ತು. ಎರಡು ಗುಂಪುಗಳ ನಡುವೆ ನ್ಯುಮೋನಿಯಾದಲ್ಲಿ ವ್ಯತ್ಯಾಸವೂ ಕಾಣಲಿಲ್ಲ. ಎತ್ತರಿಸುವುದರಿಂದ ಪ್ರಯೋಜನವಿಲ್ಲ ಎಂದು ಇದನ್ನು ಓದುವವರಿದ್ದಾರೆ. ನನಗೆ ಕಾಣುವುದು ಬೇರೆ: ಅಧ್ಯಯನ ನಡೆಯುತ್ತಿದೆ, ಅಳತೆಯಾಗುತ್ತಿದೆ ಎಂದು ಎಲ್ಲರಿಗೂ ಗೊತ್ತಿದ್ದ ಕಡೆಯೇ ಗುರಿ ಉಳಿಯಲಿಲ್ಲ. ಬಿಡುವಿಲ್ಲದ ಸಾಮಾನ್ಯ ವಾರ್ಡಿನಲ್ಲಿ ಅದು ತಾನಾಗಿಯೇ ಉಳಿದೀತೆಂದು ನಂಬಿ ಕೂರುವಂತಿಲ್ಲ.

ಕೂರಿಸುವ ಕ್ರಮ

ಹೆಚ್ಚಿನವರು ಬಂದ ಕೂಡಲೇ ಮಂಚದ ಕ್ರ್ಯಾಂಕ್ ತಿರುಗಿಸುತ್ತಾರೆ ಅಥವಾ ಬಟನ್ ಒತ್ತುತ್ತಾರೆ. ಅದು ಕೊನೆಯ ಹೆಜ್ಜೆಯಾಗಬೇಕು. ಮೊದಲು ನೋಡಬೇಕಾದ್ದು ಸೊಂಟವನ್ನು.

ಮಂಚದ ಬೆನ್ನಿನ ಹಲಗೆ ಎಲ್ಲಿ ಮಡಚಿಕೊಳ್ಳುತ್ತದೋ ಸರಿಯಾಗಿ ಆ ಜಾಗಕ್ಕೆ ರೋಗಿಯ ಸೊಂಟದ ಕೀಲು ಬರಬೇಕು. ಅದಕ್ಕಿಂತ ಒಂದು ಗೇಣು ಕೆಳಗಿದ್ದರೂ ಹಲಗೆ ಮೇಲೆದ್ದಾಗ ಮಡಚಿಕೊಳ್ಳುವುದು ಸೊಂಟವಲ್ಲ, ನಡುಬೆನ್ನು. ಆಗ ಪಕ್ಕೆಲುಬು ಹೊಟ್ಟೆಯ ಮೇಲೆ ಒತ್ತಿ ಕೂರುತ್ತದೆ, ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಆಹಾರವನ್ನು ಮೇಲಕ್ಕೆ ತಳ್ಳುವ ಕೆಲಸವನ್ನು ನಾವೇ ಮಾಡಿದಂತಾಗುತ್ತದೆ. ಉಸಿರಾಟಕ್ಕೂ ಜಾಗ ಕಡಿಮೆಯಾಗುತ್ತದೆ. ಮುದುಡಿ ಕುಳಿತ 45 ಡಿಗ್ರಿಗಿಂತ ನೆಟ್ಟಗಿರುವ 30 ಡಿಗ್ರಿ ಎಷ್ಟೋ ವಾಸಿ.

ಸೊಂಟವನ್ನು ಜಾಗಕ್ಕೆ ತರಲು ರೋಗಿಯನ್ನು ಮೇಲಕ್ಕೆ ಸರಿಸಬೇಕಾದರೆ ಮಂಚವನ್ನು ಸ್ವಲ್ಪ ಹೊತ್ತು ತಗ್ಗಿಸಬೇಕಾಗುತ್ತದೆ. ಅದಕ್ಕೇ ಈ ಕೆಲಸ ಆಹಾರ ಶುರುವಾಗುವ ಮೊದಲೇ ಮುಗಿದಿರಬೇಕು. ಆಹಾರ ಹೋಗುತ್ತಿದ್ದರೆ ನರ್ಸ್‌ಗೆ ಹೇಳಿ ನಿಲ್ಲಿಸಿಸಿಯೇ ಮುಂದುವರಿಯಬೇಕು. ಇಬ್ಬರು ನಿಂತು, ರೋಗಿಯ ಮೈಯ ಕೆಳಗೆ ಹಾಸಿದ ಡ್ರಾ ಶೀಟ್ (ಅಡ್ಡ ಹಾಸಿದ ಬಟ್ಟೆ) ಅಥವಾ ಸ್ಲೈಡ್ ಶೀಟ್ (ನುಣುಪಾದ ಜಾರುವ ಬಟ್ಟೆ) ಹಿಡಿದು ಸರಿಸಿ. ಕಂಕುಳಿಗೆ ಕೈಹಾಕಿ ಎಳೆದರೆ ರೋಗಿಯ ಭುಜ ಉಳುಕಬಹುದು, ನಿಮ್ಮ ನಡು ಹಿಡಿದುಕೊಳ್ಳಬಹುದು, ಮಧ್ಯೆ ಸಿಕ್ಕ ನಳಿಕೆಯೂ ಕಿತ್ತು ಬರಬಹುದು.

ಸೊಂಟ ಜಾಗಕ್ಕೆ ಬಂದ ಮೇಲೆ ಮೊದಲು ಮಂಡಿಯ ಕಡೆ ಸ್ವಲ್ಪ ಎತ್ತರಿಸಿ. ಮಂಚಕ್ಕೆ ಆ ಸೌಲಭ್ಯ ಇಲ್ಲದಿದ್ದರೆ ತೊಡೆಯ ಕೆಳಗೆ ದಿಂಬು ಕೊಡಿ, ಹಿಮ್ಮಡಿ ಹಾಸಿಗೆಗೆ ಒತ್ತದಂತೆ ನೋಡಿಕೊಳ್ಳಿ. ಮಂಡಿ ಮಡಚಿದ್ದರೆ ಮೈ ಕೆಳಕ್ಕೆ ಜಾರುವುದಕ್ಕೆ ತಡೆ ಸಿಗುತ್ತದೆ. ಆಮೇಲೆ ತಲೆಯ ಕಡೆಯನ್ನು ನಿಧಾನವಾಗಿ ಏರಿಸಿ. ಬಹಳ ದಿನ ಮಲಗಿದ್ದವರಿಗೆ ತಟ್ಟನೆ ಏರಿಸಿದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಏರಿಸುವಾಗ ಮುಖ ನೋಡುತ್ತಿರಿ: ಬಿಳಿಚಿಕೊಂಡರೆ, ಬೆವರಿದರೆ ಅಲ್ಲೇ ನಿಲ್ಲಿಸಿ ನರ್ಸ್‌ಗೆ ಹೇಳಿ.

ಇಷ್ಟಾದ ಮೇಲೆ ಬಹಳ ಜನ ಮಾಡದ ಒಂದು ಸಣ್ಣ ಕೆಲಸ ಉಳಿದಿರುತ್ತದೆ. ರೋಗಿಯ ಭುಜ ಹಿಡಿದು ಬೆನ್ನನ್ನು ಹಾಸಿಗೆಯಿಂದ ಒಂದು ಕ್ಷಣ ಮುಂದಕ್ಕೆ ಬಾಗಿಸಿ, ಮತ್ತೆ ಒರಗಿಸಿ. ಹಲಗೆ ಏರುವಾಗ ಬೆನ್ನಿನ ಚರ್ಮ ಬಟ್ಟೆಗೆ ಅಂಟಿಕೊಂಡು ಒಂದು ಕಡೆ, ಒಳಗಿನ ಎಲುಬು ಇನ್ನೊಂದು ಕಡೆ ಎಳೆಯಲ್ಪಟ್ಟಿರುತ್ತವೆ. ಈ ಒಂದು ಕ್ಷಣದಲ್ಲಿ ಆ ಎಳೆತ ಬಿಟ್ಟುಕೊಳ್ಳುತ್ತದೆ. ಮಾತನಾಡಬಲ್ಲ ರೋಗಿಗಳಾದರೆ ‘ಹಾಂ, ಈಗ ಸರಿಯಾಯ್ತು’ ಎಂದು ತಾವಾಗಿಯೇ ಹೇಳುತ್ತಾರೆ.

ಇನ್ನು ಕೋನದ ಅಳತೆ. ಕಣ್ಣಂದಾಜು ಮೋಸ ಮಾಡುತ್ತದೆ; 20 ಡಿಗ್ರಿ ಎತ್ತಿದ್ದನ್ನು 30 ಎಂದು ಅಂದುಕೊಳ್ಳುವುದು ಸಾಮಾನ್ಯ. ಮಂಚದಲ್ಲಿ ಸೂಚಕ ಇದ್ದರೆ ನೋಡಿ. ಇಲ್ಲದಿದ್ದರೆ ಒಂದು ಸರಳ ಲೆಕ್ಕವಿದೆ: ಬೆನ್ನಿನ ಹಲಗೆಯ ಉದ್ದದ ಅರ್ಧದಷ್ಟು ಎತ್ತರಕ್ಕೆ ಅದರ ಮೇಲ್ತುದಿ ಏಳಬೇಕು, ಅಲ್ಲಿಗೆ 30 ಡಿಗ್ರಿ. ಹಲಗೆ 80 ಸೆಂ.ಮೀ. ಇದ್ದರೆ ತುದಿ 40 ಸೆಂ.ಮೀ. ಮೇಲೆ ಬರಬೇಕು, 45 ಡಿಗ್ರಿಗೆ ಸುಮಾರು 57 ಸೆಂ.ಮೀ. ನಿಮ್ಮ ವಾರ್ಡಿನ ಮಂಚವನ್ನು ಒಮ್ಮೆ ಅಳೆದು, ನರ್ಸ್ ಒಪ್ಪಿಗೆ ಪಡೆದು ಮಂಚದ ಕಂಬಕ್ಕೆ ಒಂದು ಟೇಪಿನ ಗುರುತು ಅಂಟಿಸಿಬಿಟ್ಟರೆ ದಿನಾ ಅಳೆಯುವ ಗೋಜಿಲ್ಲ.

ಅಷ್ಟಾದರೂ ಅದು ಮಂಚದ ಕೋನ. ಕೊನೆಯ ಮಾತು ಮೈಯ ಕೋನದ್ದು. ಹಾಸಿಗೆಯ ಪಕ್ಕಕ್ಕೆ ಬಂದು ಸ್ವಲ್ಪ ಬಗ್ಗಿ, ರೋಗಿಯ ಸೊಂಟದಿಂದ ಭುಜದ ತನಕ ಒಂದು ಗೆರೆ ಎಳೆದಂತೆ ಊಹಿಸಿಕೊಂಡು ನೋಡಿ. ಆ ಗೆರೆ ನೆಟ್ಟಗಿದೆಯೇ, ಹಲಗೆಯ ಜೊತೆಗೇ ಓರೆಯಾಗಿದೆಯೇ? ಗದ್ದ ಮತ್ತು ಎದೆಯ ನಡುವೆ ಜಾಗ ಇದೆಯೇ? ಹೊಟ್ಟೆಯ ಮೇಲೆ ಮಡಿಕೆ ಬಿದ್ದಿದೆಯೇ? ಈ ನೋಟಕ್ಕೆ ಹತ್ತು ಸೆಕೆಂಡ್ ಸಾಕು.

ತಲೆಯ ಕೆಳಗೆ ಎರಡು ಮೂರು ದಿಂಬು ಪೇರಿಸಿಟ್ಟು ‘ಎತ್ತರಿಸಿದ್ದೇನೆ’ ಎನ್ನುವುದು ತೀರಾ ಸಾಮಾನ್ಯ ತಪ್ಪು. ಅದರಿಂದ ಬಾಗುವುದು ಕುತ್ತಿಗೆ ಮಾತ್ರ, ಹೊಟ್ಟೆ ಮತ್ತು ಎದೆ ಮಲಗಿಯೇ ಇರುತ್ತವೆ. ಮನೆಯ ಮಾಮೂಲಿ ಮಂಚದಲ್ಲಿ ಆರೈಕೆ ನಡೆಯುತ್ತಿದ್ದರೆ ಸೊಂಟದಿಂದ ಮೇಲಕ್ಕೆ ಇಡೀ ಬೆನ್ನಿಗೆ ಆಸರೆ ಕೊಡುವ ಇಳಿಜಾರು ದಿಂಬು, ಇಲ್ಲವೇ ಗೋಡೆಗೆ ಒರಗಿಸಿ ಗಟ್ಟಿಯಾಗಿ ಜೋಡಿಸಿದ ಒರಗು ಬೇಕು. ತಲೆ ನೇರವಾಗಿ, ಗದ್ದ ಒಂಚೂರು ಕೆಳಮುಖವಾಗಿ ಇರಲಿ. ಕುತ್ತಿಗೆ ಹಿಂದಕ್ಕೆ ಬಿದ್ದಿದ್ದರೆ ಗಂಟಲಿಗೆ ಬಂದದ್ದು ಶ್ವಾಸನಾಳಕ್ಕೆ ಇಳಿಯುವುದು ಇನ್ನೂ ಸುಲಭ.

ಪಾರ್ಶ್ವವಾಯು ಆದವರು ಸ್ವಾಧೀನವಿಲ್ಲದ ಕಡೆಗೆ ವಾಲುತ್ತಾರೆ. ಆ ಕಡೆ ಪಕ್ಕೆಗೊಂದು ದಿಂಬು, ಆ ಕೈಯ ಕೆಳಗೊಂದು ದಿಂಬು. ಕೈಯನ್ನು ಜೋತುಬಿಟ್ಟರೆ ಅದರ ಭಾರವೇ ಮೈಯನ್ನು ಪಕ್ಕಕ್ಕೆ ಎಳೆಯುತ್ತದೆ.

ಕುರ್ಚಿಯಲ್ಲಿ ಕೂರಬಲ್ಲವರನ್ನು ಕೂರಿಸುವುದೇ ಎಲ್ಲಕ್ಕಿಂತ ಒಳ್ಳೆಯದು; ಪಾದಕ್ಕೆ ಆಸರೆ ಇರಲಿ, ಮುಂದಕ್ಕೆ ಜಾರದಂತೆ ನೋಡಿಕೊಳ್ಳಿ.

ಎಷ್ಟು ಹೊತ್ತು

ಸಿರಿಂಜ್ ಅಥವಾ ಬ್ಯಾಗಿನಲ್ಲಿ ಹೊತ್ತುಹೊತ್ತಿಗೆ ಒಮ್ಮೆಲೇ ಕೊಡುವ ಆಹಾರವಾದರೆ, ಕೊಡುವಾಗ ಮತ್ತು ಮುಗಿದ ಮೇಲೆ ಕನಿಷ್ಠ 30 ನಿಮಿಷ, ಸಾಧ್ಯವಾದರೆ ಒಂದು ಗಂಟೆ ಎತ್ತರಿಸಿಯೇ ಇಡಬೇಕು. ಪಂಪಿನಲ್ಲಿ ದಿನವಿಡೀ ನಿಧಾನಕ್ಕೆ ಹೋಗುತ್ತಿದ್ದರೆ ಇಡೀ ಹೊತ್ತು, ನಿದ್ದೆಯಲ್ಲೂ. ರಾತ್ರಿ ಪಾಳಿಯಲ್ಲೇ ಇದು ಹೆಚ್ಚು ತಪ್ಪುವುದು. ಪಾಪ, ಮಲಗಲಿ ಎಂದು ಮನೆಯವರೇ ಮಂಚ ತಗ್ಗಿಸಿಬಿಡುತ್ತಾರೆ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ, ಕಾರಣ ಹೇಳಬೇಕು. ತಲೆಯ ಹತ್ತಿರ ದೊಡ್ಡ ಅಕ್ಷರದಲ್ಲಿ ‘ಆಹಾರ ಹೋಗುತ್ತಿದೆ, ಮಂಚ ತಗ್ಗಿಸಬೇಡಿ’ ಎಂದು ಬರೆದು ಅಂಟಿಸುವುದೂ ಕೆಲಸಕ್ಕೆ ಬರುತ್ತದೆ.

ರೋಗಿಗೂ ಹೇಳಬೇಕು. ಪ್ರಜ್ಞೆ ಇಲ್ಲದಂತೆ ಕಾಣುವವರಿಗೂ ಹೇಳಬೇಕು. ‘ಅಮ್ಮ, ಊಟ ಹೊಟ್ಟೆಗೆ ಹೋಗ್ತಾ ಇದೆ. ಈಗ ಮಲಗಿಸಿದ್ರೆ ಮೇಲೆ ಬಂದು ನೆತ್ತಿಗೆ ಹತ್ತುತ್ತೆ. ಮುಗಿದ ಮೇಲೆ ಒಂದು ಗಂಟೆ ಹೀಗೇ ಇರೋಣ, ಆಮೇಲೆ ಸ್ವಲ್ಪ ತಗ್ಗಿಸ್ತೀನಿ.’ ಬೆನ್ನು ನೋವು ಎನ್ನುವವರಿಗೆ ಬರೀ ‘ತಡೆದುಕೊಳ್ಳಿ’ ಎನ್ನಬೇಡಿ. ದಿಂಬು ಬದಲಿಸಿ, ಸ್ವಲ್ಪ ಓರೆ ಮಾಡಿ, ನೋವಿನ ವಿಷಯ ನರ್ಸ್‌ಗೆ ತಿಳಿಸಿ.

ಚರ್ಮ ಕೇಳುವುದೇ ಬೇರೆ

ಇಲ್ಲೊಂದು ನಿಜವಾದ ಇಕ್ಕಟ್ಟಿದೆ. ಶ್ವಾಸಕೋಶದ ದೃಷ್ಟಿಯಿಂದ 45 ಡಿಗ್ರಿ ಒಳ್ಳೆಯದು. ಚರ್ಮದ ದೃಷ್ಟಿಯಿಂದ ತಲೆಯ ಕಡೆ 30 ಡಿಗ್ರಿ ದಾಟದಿರುವುದು ಒಳ್ಳೆಯದು. ಎತ್ತರಿಸಿದಷ್ಟೂ ಮೈಭಾರವೆಲ್ಲ ಬಾಲಮೂಳೆ ಮತ್ತು ಪೃಷ್ಠದ ಮೇಲೆ ಬೀಳುತ್ತದೆ, ಜಾರುವ ಎಳೆತವೂ ಸೇರಿ ಹಾಸಿಗೆ ಹುಣ್ಣು ಬೇಗ ಏಳುತ್ತದೆ. ಯಾವ ರೋಗಿಗೆ ಎಷ್ಟು ಎಂದು ತೀರ್ಮಾನಿಸುವವರು ನರ್ಸ್ ಮತ್ತು ವೈದ್ಯರು. ಆ ತೀರ್ಮಾನಕ್ಕೆ ಬೇಕಾದ ಸುದ್ದಿ ಮಾತ್ರ ನಿಮ್ಮಿಂದಲೇ ಹೋಗಬೇಕು. ಮಗ್ಗುಲು ಬದಲಿಸುವಾಗ, ಬಟ್ಟೆ ಬದಲಿಸುವಾಗ ಬಾಲಮೂಳೆಯ ಜಾಗ, ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋವೇ ಎಂದು ನೋಡಬೇಕು. ಕೆಂಪಾದ ಜಾಗವನ್ನು ತಿಕ್ಕಬೇಡಿ.

ಎತ್ತರಿಸಿದ್ದಾಗ ಮಗ್ಗುಲು ಬದಲಿಸಬಾರದು ಎಂದೇನಿಲ್ಲ. ತಲೆಯ ಕಡೆ 30 ಡಿಗ್ರಿ ಇಟ್ಟುಕೊಂಡೇ, ಬೆನ್ನಿನ ಒಂದು ಪಕ್ಕಕ್ಕೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿ ಮಲಗಿಸಬಹುದು. ಯಾವ ಮಗ್ಗುಲು ಎಂಬ ಪ್ರಶ್ನೆಗೆ ಹೊಟ್ಟೆಯ ಆಕಾರದಲ್ಲಿ ಉತ್ತರವಿದೆ. ಹೊಟ್ಟೆಯಿಂದ ಕರುಳಿಗೆ ಹೋಗುವ ಬಾಗಿಲು ಬಲಗಡೆ ಇದೆ, ಹಾಗಾಗಿ ಬಲ ಮಗ್ಗುಲಲ್ಲಿ ಹೊಟ್ಟೆ ಖಾಲಿಯಾಗಲು ಅನುಕೂಲ. ಆದರೆ ಎಡ ಮಗ್ಗುಲಲ್ಲಿ ಆಹಾರ ಹೊಟ್ಟೆಯ ದೊಡ್ಡ ಚೀಲದಂಥ ಭಾಗದಲ್ಲಿ ನಿಂತು ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ, ಮೇಲಕ್ಕೆ ಬರುವುದು ಕಡಿಮೆ. ಎರಡಕ್ಕೂ ಸಮರ್ಥನೆ ಇದೆ. ನಿಮ್ಮ ರೋಗಿಯ ಆರೈಕೆಯ ಯೋಜನೆಯಲ್ಲಿ ಏನು ಬರೆದಿದೆಯೋ ಅದನ್ನು ಪಾಲಿಸಿ. ಮಗ್ಗುಲು ಯಾವುದಾದರೂ ತಲೆಯ ಕಡೆ ಎತ್ತರ ಇರಲೇಬೇಕು.

ಬೆನ್ನುಮೂಳೆ ಅಥವಾ ಸೊಂಟದ ಪೆಟ್ಟಿನಿಂದ ಮೈ ಬಾಗಿಸುವಂತೆಯೇ ಇಲ್ಲದವರಿಗೆ ಇಡೀ ಮಂಚವನ್ನೇ ತಲೆ ಮೇಲೆ, ಕಾಲು ಕೆಳಗೆ ಬರುವಂತೆ ಓರೆ ಮಾಡುತ್ತಾರೆ. ಅದನ್ನು ನರ್ಸ್ ಹೇಳದೆ ಮಾಡಬಾರದು. ಅದರ ತದ್ವಿರುದ್ಧವಾದ, ತಲೆ ಕೆಳಗೆ ಕಾಲು ಮೇಲೆ ಎನ್ನುವ ಭಂಗಿ ಹೊಟ್ಟೆಯಲ್ಲಿ ಆಹಾರ ಇರುವಾಗ ಕೂಡದು.

ನಳಿಕೆಯ ಮೇಲೊಂದು ಕಣ್ಣು

ನಳಿಕೆ ಸರಿಯಾದ ಜಾಗದಲ್ಲಿದೆಯೇ ಎಂದು ಪರೀಕ್ಷಿಸುವುದು ಸಹಾಯಕರ ಕೆಲಸವಲ್ಲ. ಹೊಸದಾಗಿ ಹಾಕಿದಾಗ ಎಕ್ಸ್‌ರೇ, ಆಮೇಲೆ ಒಳಗಿನ ರಸದ ಪಿಎಚ್ (ಆಮ್ಲೀಯತೆಯ ಅಳತೆ) ಮುಂತಾದವನ್ನು ನೋಡಿ ನರ್ಸ್, ವೈದ್ಯರು ಖಚಿತಪಡಿಸಿಕೊಳ್ಳುತ್ತಾರೆ. ಗಾಳಿ ತುಂಬಿ ಸ್ಟೆತಸ್ಕೋಪಿನಲ್ಲಿ ಶಬ್ದ ಕೇಳುವ ಹಳೆಯ ವಿಧಾನವೊಂದನ್ನೇ ನಂಬುವಂತಿಲ್ಲ. ತುದಿ ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಶಬ್ದ ಕೇಳಿಸಬಹುದು. ಆದರೆ ನಳಿಕೆ ಸರಿದಿದೆ ಎಂದು ಮೊದಲು ಗೊತ್ತಾಗುವುದು ಮೈ ತಿರುಗಿಸಿದವರಿಗೆ. ಮೂಗಿನ ಹೊಳ್ಳೆಯ ಬಳಿ ನಳಿಕೆಯ ಮೇಲೆ ಸೆಂಟಿಮೀಟರ್ ಗುರುತು ಇರುತ್ತದೆ. ತಿರುಗಿಸುವ ಮೊದಲು ಅದನ್ನು ನೋಡಿ, ತಿರುಗಿಸಿದ ಮೇಲೆ ಮತ್ತೊಮ್ಮೆ ನೋಡಿ. ಬದಲಾಗಿದ್ದರೆ, ಪ್ಲಾಸ್ಟರ್ ಬಿಟ್ಟುಕೊಂಡಿದ್ದರೆ, ನಳಿಕೆ ಬಾಯಲ್ಲಿ ಸುರುಳಿಯಾಗಿ ಕಂಡರೆ ಒಳಗೆ ತಳ್ಳಲು ಹೋಗಬೇಡಿ. ಕೂಡಲೇ ನರ್ಸ್‌ನ್ನು ಕರೆಯಿರಿ, ಅವರು ನೋಡುವ ತನಕ ಆಹಾರ ಹೋಗಬಾರದು.

ನಳಿಕೆಯನ್ನು ದಿಂಬಿಗೋ ಹಾಸಿಗೆಗೋ ಸಿಕ್ಕಿಸಬೇಡಿ, ರೋಗಿಯ ಅಂಗಿಗೆ ಸ್ವಲ್ಪ ಸಡಿಲ ಬಿಟ್ಟು ಸಿಕ್ಕಿಸಿ. ಮೈಯ ಕೆಳಗೆ, ಮಂಚದ ಪಕ್ಕದ ಕಟಕಟೆಯ ಸಂದಿಯಲ್ಲಿ ಸಿಕ್ಕಿಲ್ಲವೆಂದು ಕೈಯಾಡಿಸಿ ನೋಡಿಕೊಳ್ಳಿ. ಯಾವುದಾದರೂ ಜೋಡಣೆ ಕಳಚಿದ್ದು ಕಂಡರೆ ನೀವಾಗಿಯೇ ಜೋಡಿಸಬೇಡಿ. ಆಹಾರದ ನಳಿಕೆ ಬೇರೆ ನಳಿಕೆಗೆ ಸೇರಿಹೋದರೆ ಪ್ರಾಣಕ್ಕೇ ಅಪಾಯ.

ಮಂಚ ತಗ್ಗಿಸಲೇಬೇಕಾದಾಗ

ಮೈ ಒರೆಸಲು, ಬೆಡ್‌ಶೀಟ್ ಬದಲಿಸಲು, ಡಯಾಪರ್ ಬದಲಿಸಲು, ಎಕ್ಸ್‌ರೇಗೆ ಕರೆದೊಯ್ಯಲು ಮಂಚ ತಗ್ಗಿಸಬೇಕಾಗುತ್ತದೆ. ಒಮ್ಮೆಲೇ ಕೊಡುವ ಆಹಾರವಾದರೆ ಈ ಕೆಲಸಗಳನ್ನೆಲ್ಲ ಅದಕ್ಕೆ ಮೊದಲೇ ಮುಗಿಸಿಕೊಳ್ಳಿ. ಪಂಪಿನಲ್ಲಿ ಹೋಗುತ್ತಿದ್ದರೆ ನರ್ಸ್‌ಗೆ ಹೇಳಿ ನಿಲ್ಲಿಸಿಸಿ, ಬೇಕಾದ ಸಾಮಾನೆಲ್ಲ ಕೈಗೆಟುಕುವಂತೆ ಇಟ್ಟುಕೊಂಡು, ಇನ್ನೊಬ್ಬರನ್ನು ಕರೆದು, ಆದಷ್ಟು ಬೇಗ ಮುಗಿಸಿ. ನಡುವೆ ಟವೆಲ್ ಮರೆತು ಓಡುವ ಆ ಐದು ನಿಮಿಷ ರೋಗಿ ಅಂಗಾತ ಬಿದ್ದಿರುತ್ತಾರೆ.

ಮುಗಿದ ಕೂಡಲೇ ತಲೆಯ ಕಡೆ ಏರಿಸಿ, ಆಮೇಲೆ ನರ್ಸ್‌ಗೆ ‘ಆಯಿತು, ಶುರು ಮಾಡಬಹುದು’ ಎಂದು ಹೇಳಿ. ಈ ಎರಡನೆಯ ಮಾತು ಮರೆತರೆ ಪಂಪು ಗಂಟೆಗಟ್ಟಲೆ ನಿಂತೇ ಇರುತ್ತದೆ. ರೋಗಿಗೆ ಆ ಹೊತ್ತಿನ ಆಹಾರವೂ ನೀರೂ ತಪ್ಪುತ್ತವೆ. ಇನ್ಸುಲಿನ್ ತೆಗೆದುಕೊಂಡಿರುವ ಮಧುಮೇಹಿಯಾದರೆ ರಕ್ತದ ಸಕ್ಕರೆ ಕುಸಿಯಬಹುದು, ಮಾತನಾಡಲಾರದ ರೋಗಿಯಲ್ಲಿ ಅದು ಬೇಗ ಯಾರ ಗಮನಕ್ಕೂ ಬರುವುದಿಲ್ಲ. ಎದೆಯ ಕಫ ಸಡಿಲಿಸುವ ಫಿಸಿಯೋಥೆರಪಿಯನ್ನೂ ಆಹಾರಕ್ಕೆ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಬಾಯಿಯ ಸ್ವಚ್ಛತೆ ಭಂಗಿಯ ವಿಷಯವಲ್ಲ ಎನಿಸಬಹುದು, ಆದರೆ ಇಲ್ಲಿ ಸೇರಿಸದೆ ಇರಲಾರೆ. ಬಾಯಿಂದ ಏನೂ ತಿನ್ನದವರ ಬಾಯಿ ಒಣಗಿ, ನಾಲಿಗೆಯ ಮೇಲೆ ಅಗ್ರ ಕಟ್ಟಿ, ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಇಳಿಯುವ ಜೊಲ್ಲು ಎಷ್ಟು ಕೊಳಕೋ ನ್ಯುಮೋನಿಯಾದ ಅಪಾಯ ಅಷ್ಟು ಹೆಚ್ಚು. ತಲೆ ಎತ್ತರಿಸಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಬಹಳ ನೀರು ಬಳಸದೆ ಮೃದು ಬ್ರಷ್‌ನಿಂದ ಸ್ವಚ್ಛ ಮಾಡಿ. ಊಟವಾದ ಕೂಡಲೇ ಬೇಡ, ಓಕರಿಕೆ ಬರುತ್ತದೆ.

ಯಾವಾಗ ಕೂಗಿ ಕರೆಯಬೇಕು

ಹಿಂದೆ ಕೆಲವೆಡೆ ಆಹಾರಕ್ಕೆ ನೀಲಿ ಬಣ್ಣ ಬೆರೆಸಿ, ಕಫದಲ್ಲಿ ನೀಲಿ ಕಂಡರೆ ಆಸ್ಪಿರೇಷನ್ ಆಗಿದೆ ಎಂದು ತಿಳಿಯುವ ರೂಢಿಯಿತ್ತು. ಆ ಬಣ್ಣ ಪಡೆದ ರೋಗಿಗಳಲ್ಲಿ ಸಾವುಗಳು ವರದಿಯಾದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ಎಚ್ಚರಿಕೆ ಹೊರಡಿಸಿತು. ಹಾಸಿಗೆಯ ಪಕ್ಕ ಈಗ ಉಳಿದಿರುವ ಸಾಧನಗಳೆಂದರೆ ಕಣ್ಣು ಮತ್ತು ಕಿವಿ.

ಉಸಿರಾಡುವಾಗ ಅಥವಾ ಮಾತನಾಡುವಾಗ ಗಂಟಲಲ್ಲಿ ನೀರು ಗೊಳಗುಟ್ಟಿದಂಥ ಸದ್ದು. ಇದ್ದಕ್ಕಿದ್ದಂತೆ ಕೆಮ್ಮು, ಓಕರಿಕೆ. ಉಸಿರಿನ ವೇಗ ಏರುವುದು. ವಯಸ್ಕರಿಗೆ ಸುಮ್ಮನಿರುವಾಗ ನಿಮಿಷಕ್ಕೆ 12ರಿಂದ 20 ಸಹಜ. ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಅಂಕಿ ಇಳಿಯುವುದು, ತುಟಿ ನೀಲಿಗಟ್ಟುವುದು. ಬಾಯಂಚಿನಲ್ಲಿ ಆಹಾರದ ಬಣ್ಣದ ದ್ರವ. ಹೊಟ್ಟೆ ಉಬ್ಬಿ ಬಿಗಿಯಾಗುವುದು. ಸುಮ್ಮನಿದ್ದವರು ಕಾರಣವಿಲ್ಲದೆ ಚಡಪಡಿಸುವುದು. ಜ್ವರ ಕೆಲವು ಗಂಟೆ ಕಳೆದು ಅಥವಾ ಮರುದಿನ ಬರಬಹುದು.

ಇವು ಕಂಡರೆ ರೋಗಿಯನ್ನು ಬಿಟ್ಟು ಓಡಬೇಡಿ. ಅಲ್ಲಿಂದಲೇ ಬೆಲ್ ಒತ್ತಿ, ಕೂಗಿ ಕರೆಯಿರಿ. ಪಂಪ್ ನಿಲ್ಲಿಸಲು ಅಥವಾ ನಳಿಕೆಗೆ ಕ್ಲ್ಯಾಂಪ್ (ಹರಿವು ನಿಲ್ಲಿಸುವ ಹಿಡಿಕೆ) ಹಾಕಲು ನಿಮಗೆ ತರಬೇತಿ ಮತ್ತು ಅನುಮತಿ ಇದ್ದರೆ ತಕ್ಷಣ ಮಾಡಿ. ವಾಂತಿ ಬರುತ್ತಿದ್ದರೆ ತಲೆಯ ಕಡೆ ಎತ್ತರವಿಟ್ಟುಕೊಂಡೇ ಒಂದು ಮಗ್ಗುಲಿಗೆ ತಿರುಗಿಸಿ, ಬಾಯಲ್ಲಿರುವುದು ಹೊರಗೆ ಹರಿಯಲಿ. ಗಾಬರಿಯಲ್ಲಿ ಮಂಚ ತಗ್ಗಿಸುವ ಅಭ್ಯಾಸ ಕೆಲವರಿಗಿದೆ. ಉಸಿರು ಅಥವಾ ಹೃದಯ ನಿಂತು ಸಿಪಿಆರ್ (ಎದೆ ಒತ್ತಿ ಹೃದಯ, ಉಸಿರಿಗೆ ಚೇತನ ಕೊಡುವ ತುರ್ತು ಚಿಕಿತ್ಸೆ) ಬೇಕಾದ ಸಂದರ್ಭ ಬಿಟ್ಟರೆ ಹಾಗೆ ಮಾಡಬಾರದು. ಪಂಪಿನ ಅಲಾರಂ ಬಡಿದುಕೊಂಡರೆ ಸದ್ದು ಅಡಗಿಸಿ ಸುಮ್ಮನಾಗಬೇಡಿ, ಏಕೆ ಬಡಿಯುತ್ತಿದೆ ಎಂದು ನರ್ಸ್ ಬಂದು ನೋಡಲಿ.

ಪಾಳಿ ಬದಲಾಗುವಾಗ ಮುಂದಿನವರಿಗೆ ‘ಫೀಡ್ ಹೋಗ್ತಾ ಇದೆ, ಎಲ್ಲ ಸರಿ ಇದೆ’ ಎಂದಷ್ಟೇ ಹೇಳಿ ಹೊರಟರೆ ಅವರಿಗೆ ಏನೂ ತಿಳಿದಂತಾಗುವುದಿಲ್ಲ. ಹಾಸಿಗೆಯ ಪಕ್ಕ ನಿಂತು, ರೋಗಿಯನ್ನು ತೋರಿಸುತ್ತಾ ಹೇಳಿ: ‘ಬೆಡ್ 35 ಡಿಗ್ರಿಯಲ್ಲಿದೆ. ಎಡಕ್ಕೆ ವಾಲ್ತಾರೆ, ಆ ಕಡೆ ದಿಂಬು ತೆಗೀಬೇಡಿ. ಅರ್ಧ ಗಂಟೆಗೆ ಜಾರಿಬಿಡ್ತಾರೆ, ನೋಡ್ತಾ ಇರಿ. ಟ್ಯೂಬ್ ಮೂಗಿನ ಹತ್ರ 55ರಲ್ಲಿದೆ. ಬಾಲಮೂಳೆ ಹತ್ರ ಸ್ವಲ್ಪ ಕೆಂಪಾಗಿದೆ, ಸಿಸ್ಟರ್‌ಗೆ ಹೇಳಿದ್ದೀನಿ. ಊಟ 1:40ಕ್ಕೆ ಮುಗೀತು, 2:40ರ ತನಕ ತಗ್ಗಿಸೋದು ಬೇಡ.’